ಹಿಂದಿನ ಹಾಳಿ

ಗಣೇಶಪೇಟಿ ಮೀನಿನ ಬಜಾರಕ್ಕ
ಬೆಳಗಿನ ನಾಕಕ್ಕ ಲಾರಿ ಬರತಾವ,
ಅರಬೈಲ್ ಘಟ್ಟದಾಗ ಕಾದ ಬ್ರೇಕಿನ ವಾಸನಿ ಹೊತಗೊಂಡು,
ಹಿಂದ ನೀರು ಸೋರಿಸಿಕೋತ.
ನಾ ಐಸ್ ಫ್ಯಾಕ್ಟರಿ ಕಾರಕೂನ.
ಎಷ್ಟು ಬ್ಲಾಕ್ ಹೋತು, ಎಷ್ಟು ಕರಗಿತು, ಯಾರ ಬಾಕಿ,
ಅದೆಲ್ಲಾ ಲೆಡ್ಜರಿನ ಮುಂದಿನ ಮಾತು.

ಹಿಂದಿನ ಹಾಳಿ ಬ್ಯಾರೆ.
ಅಲ್ಲೆ ಹನ್ನೊಂದು ವರ್ಷದಿಂದ ಬರದಿಟ್ಟೇನಿ
ನಾ ಕಾಣದ ಪ್ರಾಣಿಗಳ ಹಾಜರಿ.

ಸಮುದ್ರ ಇಲ್ಲಿಂದ ನಾಕು ತಾಸು.
ಘಟ್ಟದ ತಿರುವಿಗೆ ನನಗ ವಾಂತಿ.
ಎರಡು ಸಲ ಹೊಂಟು, ಎರಡೂ ಸಲ
ಯಲ್ಲಾಪುರದಿಂದ ತಿರುಗಿ ಬಂದೇನಿ.

ಸುರುವಾದದ್ದು ಹಿಂಗ: ಡ್ರೈವರ್ ದಾವಲಸಾಬ ನದಾಫ,
ಕೈಯಾಗ ಚಹಾದ ಬಸಿ,
"ನಿನ್ನೆ ಬೈತಕೋಲ ಬಂದರದ ಹೊರಗ
ತಿಮಿಂಗಲ ಉಸರು ಬಿಟ್ಟಿತ್ರೀ" ಅಂದ.
ಹ್ಯಾಂಗಿತ್ತು?
"ಹ್ಯಾಂಗಂದ್ರ, ಕುಕ್ಕರ್ ಸೀಟಿ ಹೊಡಿಯೂ ಮುಂಚೆ
ಒಂದೀಟು ಸುಸ್ ಅಂತೈತಲ್ಲ, ಹಂಗ."
ಕೈಯಾಗ ಪೆನ್ನಿತ್ತು. ಬರಕೊಂಡೆ.

ಆಮ್ಯಾಲ ಕೇಳೂದು ಕಲತೆ.
ಬೆನ್ನಿನ ಮ್ಯಾಲ ರೆಕ್ಕಿ ಇತ್ತೋ, ಬರೇ ಡುಬ್ಬೋ?
ಬಾಲ ಎತ್ತಿ ಮುಳಗಿತೋ, ಎತ್ತದ ಮುಳಗಿತೋ?
ಎರಡು ಉಸರಿನ ನಡುವ ನೀ ಎಷ್ಟು ಬೀಡಿ ಸೇದಿದಿ?
ಅಂವ ನಕ್ಕ: "ನನಗ ಹೆಣ್ಣು ನೋಡಾಕ ಹೋದಾಗ ಸೈತ
ನಮ್ಮವ್ವ ಇಷ್ಟು ಕೇಳಿದ್ದಿಲ್ಲ ಬಿಡ್ರಿ."

ಮೈ ಎಷ್ಟು ನೀರಾಗ, ಎಷ್ಟು ಹೊರಗ
ಅನ್ನೂದು ತಿಳಿಯಾಕ
ಐತವಾರಕ್ಕೊಮ್ಮೆ ಉಣಕಲ್ ಕೆರಿಗೆ ಹೋಗಿ
ಎಮ್ಮಿ ನೋಡತಿದ್ದೆ.
ನೆತ್ತಿ, ಮೂಗಿನ ಹೊರಳಿ, ಬೆನ್ನಿನ ಒಂದು ಗೆರಿ;
ಉಳಿದ ಎಮ್ಮಿ ಎಲ್ಲಾ ನಂಬಿಕಿ ಮ್ಯಾಲ.
ಕಾಯೋ ಹುಡುಗ ಕೇಳಿದ: "ಕಾಕಾ, ಕೊಳ್ಳಾವರೇನು?"
ಇಲ್ಲಪ, ಎಣಸಾವ.

ಬರಬರತ ಹಾಳಿ ತುಂಬಿದ್ವು.
ಕಾಳಿ ಅಳಿವಿಯಾಗ ಡುಬ್ಬದ ಡಾಲ್ಫಿನ್ ಏಳು, ಒಂದು ಮರಿ.
ಬೇಲೇಕೇರಿ ಕಡೆ ಏನೋ ಒಂದು, ಕರ್ರಗ, ಮಾರಿ ಗುಂಡಗ, ಹೆಸರು ಗೊತ್ತಿಲ್ಲ.
ಹರಿಕಂತ್ರರ ಪುರ್ಸೂನ ದೋಣಿ ಮಗ್ಗಲಕ
ತೋಳಿನಂಥಾ ಎರಡು ಬಿಳಿ ರೆಕ್ಕಿ, ದೋಣಿಗಿಂತ ಉದ್ದ ಮೈ.
ಹಾಡಿತಂತ.
ಹಲಗಿಯೊಳಗಿಂದ ಕೇಳಿತಂತ.

ಹೋದ ಸಂಕ್ರಮಣದ ಮರುದಿನ
ದಾವಲಸಾಬ ಚಹಾ ಮುಟ್ಟಲಿಲ್ಲ.
ಖಾಲಿ ಕ್ರೇಟಿನ ಮ್ಯಾಲ ಕೂತ, ಕೈ ಒರಸಿಕೊಂಡ.
"ಒಂದು ಹೇಳತೇನಿ, ಸಿಟ್ಟಾಗಬ್ಯಾಡ್ರಿ.
ಅದರಾಗ ಅರ್ಧಾ ಸುಳ್ಳು ಅದಾವ.
ಕಡಲು ಎಷ್ಟೋ ದಿನ ಖಾಲಿ ಇರತೈತಿ.
ಖಾಲಿ ಅಂದ್ರ ನೀವು ಸುಮ್ಮನ ಪೆನ್ನಿಗೆ ಟೊಪಿಗಿ ಹಾಕತಿದ್ರಿ.
ಅದನ್ನ ನನಗ ನೋಡಾಕ ಆಗತಿದ್ದಿಲ್ಲ."

ನಾ ಲೆಡ್ಜರ್ ತಿರುವಿ ಹಾಕಿ ಅವನ ಮುಂದಿಟ್ಟೆ.
ಅಂಚಿಗೆ ಪೆನ್ಸಿಲ್ಲಿನ ಚುಕ್ಕಿ:
ಮೂರು ತಿಮಿಂಗಲ ಒಮ್ಮೆಲೆ ಹಾರಿದ ದಿನಕ್ಕ ಒಂದು,
ಬಾಲ ಎತ್ತಿ ಸಲಾಂ ಹೊಡದದ್ದಕ್ಕ ಎರಡು.
ಅಂವ ಬಗ್ಗಿ, ಬೆರಳಿಟ್ಟು, ತುಟಿಯಾಗ ಎಣಿಸಿಕೋತ ಹೋದ.
ಕಿವಿ ಕೆಂಪಾಗಿದ್ವು.
"ಎಲ್ಲಾ ಬರೋಬ್ಬರಿ ಹಿಡದೀರಿ" ಅಂದ.
ಆಮ್ಯಾಲ ಬೆರಳು ನಿಂತಿತು.
"ಇದಕ್ಯಾಕ ಚುಕ್ಕಿ? ಇದು ಖರೇ ಐತ್ರಿ.
ಪುರ್ಸೂನ ದೋಣ್ಯಾಗ ನಾನೂ ಇದ್ದೆ,
ಹಲಗಿಗೆ ಕಿವಿ ಹಚ್ಚೇನಿ."

ಹಾಡು ಹ್ಯಾಂಗಿತ್ತು ಅಂತ ಕೇಳಾಕ
ನನಗ ಬಾಯಿ ಬರಲಿಲ್ಲ.
ಅವನ ಎದ್ದು ಬಂದು, ನನ್ನ ಕೈ ಹಿಡದು,
ಕಂಪ್ರೆಸರ್ ನಡಗೋ ಗ್ವಾಡಿಗೆ ಹಚ್ಚಿದ.
ಐಸಿನ ತಣ್ಣನ ಗ್ವಾಡಿ, ಒಳಗ ಸಣ್ಣಗ ಗುಂಯ್ ಗುಂಯ್.
ಬಾಳ ಹೊತ್ತು ಹಂಗ ನಿಂತ್ವಿ.
"ಹಿಂಗ ಅಲ್ರಿ" ಅಂದ.
"ಹಿಂಗ ಅಲ್ಲ, ಅಷ್ಟು ಹೇಳಬಲ್ಲೆ."

ಡ್ರಾದಾಗ ರಬ್ಬರ್ ಹುಡುಕಿದೆ.
ಹೊರಗ ಫಕ್ಕೀರವ್ವ ಕೂಗಾಕ ಹತ್ತಿದ್ಲು,
ಎರಡು ಬ್ಲಾಕ್ ಕಡಿಮಿ ಬಂದಾವ,
ಒಳಗ ಸತ್ತೀರೇನು ಎಲ್ಲಾರೂ?